ವಾದಿ

ಭಾನುವಾರ ಸಂಜೆ ಏಳರಿಂದ ಎಂಟು, ಹೆಂಗಸರ ಗಂಟೆ.
ವುಲ್ವರ್‌ಹ್ಯಾಂಪ್ಟನ್ನಿನ ಈ ಹಳೇ ಈಜುಕೊಳದ
ಗಾಜಿನ ಗೋಡೆಗೆ ನೀಲಿ ಪರದೆ ಎಳೆಯುತ್ತಾರೆ.
ಒಂದು ಕೊಕ್ಕೆ ಕಳಚಿದೆ, ಹೋದ ವರ್ಷವೇ ದೂರು ಕೊಟ್ಟಿದ್ದೇವೆ.
ಆ ಮೂಲೆಯಲ್ಲಿ ಅಂಗೈಯಗಲ ಕಾರು ನಿಲ್ಲಿಸುವ ಜಾಗ ಕಾಣುತ್ತದೆ,
ಅಲ್ಲಿಂದ ನಾವೂ ಅಷ್ಟೇ ಕಾಣುತ್ತೇವೆಂದು
ಬಿಲ್ಕೀಸ್ ಯಾವತ್ತೂ ಈಚೆ ಮೆಟ್ಟಿಲಿಂದಲೇ ಇಳಿಯುತ್ತಾಳೆ.

ಈಜು ಬರೀ ನೆಪ.
ಎದೆಮಟ್ಟ ನೀರಿನಲ್ಲಿ ನಿಂತು ಮಾತಾಡಲು ಬರುತ್ತೇವೆ.

ಮೊರೀನಳಿಗೆ ಎಪ್ಪತ್ತಾರು. ಬೀಗದ ಕಾರ್ಖಾನೆಯ ಗೇಟಿನಲ್ಲಿ
ಗಂಡಸರಷ್ಟೇ ಕೂಲಿ ಕೊಡಿ ಅಂತ ಹನ್ನೊಂದು ದಿನ ಕೂತವಳು.
"ಒಂದೇ ನೀರಿಗಿಳಿಯೋಕೆ ಜಗಳ ಆಡಿದ್ದು ನಾವು,
ಈಗ ಮತ್ತೆ ಪರದೆಯಾ?" ಎನ್ನುತ್ತಾಳೆ,
ಎನ್ನುತ್ತಲೇ ವಾರವಾರವೂ ಪರದೆಯೊಳಗೆ ಬರುತ್ತಾಳೆ.
"ತೆಗೆದರೆ ನಿನಗೆ ಕೊಳ ಉಳಿಯುತ್ತೆ,
ನನಗೆ ಬಚ್ಚಲುಮನೆ" ಅಂದಳು ಬಿಲ್ಕೀಸ್.
ಅಲ್ಲಿವರೆಗೂ ಬೆನ್ನ ಮೇಲೆ ತೇಲುತ್ತಿದ್ದ ಡೆಲ್ಫಿನ್
ಕಾಲೂರಿ ನಿಂತು ಹೇಳಿದಳು:
"ನಿನ್ನ ಕೂದಲು ಮುಟ್ಟಿ ನೋಡಲಾ ಅಂತ ಇಲ್ಲಿ ಕೇಳಿದವರೆಲ್ಲ
ಹೆಂಗಸರೇ. ಪರದೆಯೊಳಗೇ."

ನೀರು ಸೋಸುವ ಯಂತ್ರ ಗೊಳಗೊಳ ಅಂದಿತು.
ಮುಟ್ಟಿದವರಲ್ಲಿ ನಾನೂ ಒಬ್ಬಳು.

ಆಗಲೇ ಮೊರೀನಳ ಮೊಮ್ಮಗಳು ನನ್ನ ಕಡೆ ತಿರುಗಿ,
"ನಿಮ್ಮ ಭಾಷೇಲಿ ಇದಕ್ಕೊಂದು ಪದ ಇದೆಯಾ?"
ಇದೆಯಾ ಅಂತೆ!
ಇದೆ. ಸ್ತ್ರೀವಾದ.
ಹೇಳಿದ ಮೇಲೆ ನನಗೇ ಪರಕೀಯ, ಆ ಕ್ಲೋರಿನ್ ಘಾಟಿನಲ್ಲಿ.
ಬರೆದಿದ್ದೆ ಒಮ್ಮೆ: ಟಿಪ್ಪಣಿ ಬರೆಯಿರಿ, ನಾಲ್ಕು ಅಂಕ.
ಬಾಯಿಬಿಟ್ಟು ಆಡಿದ್ದು ಇದೇ ಮೊದಲು.

ಸ್ತ್ರೀ ಅಂದರೆ ಹೆಂಗಸು. ವಾದ ಅಂದರೆ?
ವಾದ ಅಂದರೆ ಸಿದ್ಧಾಂತ. ಜಗಳವೂ ಹೌದು.
ವಾದ ಅಂದರೆ, ಗದಗಿನ ನಮ್ಮ ಮನೆಯಲ್ಲಿ
ಅಪ್ಪ ಉಣ್ಣುವಾಗ ಅಡುಗೆಮನೆ ಬಾಗಿಲಿಂದ
ಅವ್ವ ಕಣ್ಣಲ್ಲೇ ಒತ್ತಿ ಹಿಡಿದದ್ದು.
ಎದುರು ವಾದಿಸಬ್ಯಾಡವ್ವ.
ಸೋಲ್ತಿ ಅಂತಲ್ಲ. ಗೆಲ್ತಿ, ಅದಕ್ಕ.
ವಾದಿಸಿದವಳಿಗೆ ಓಣಿಯಲ್ಲಿ ಹೆಸರುಗಳಿದ್ದವು,
ಬಾಯಿಬಡಕಿ, ಗಂಡುಬೀರಿ, ಬಜಾರಿ.
ಸ್ತ್ರೀವಾದಿ ಅಂತ ಯಾರೂ ಬೈಯಲಿಲ್ಲ,
ಅಷ್ಟು ಪುಸ್ತಕದ ಕನ್ನಡ ಅವರಿಗೆ ಬರುತ್ತಿರಲಿಲ್ಲ.

ಇದನ್ನೆಲ್ಲ ಹೇಗೆ ದಾಟಿಸಲಿ, ನಡುಗುವ ತುಟಿಯಲ್ಲಿ?
"ವಾದಿ ಅಂದರೆ ಕೋರ್ಟಿನಲ್ಲಿ ದಾವೆ ಹೂಡಿದವಳು" ಅಂದೆ.
"ಯಾರ ಮೇಲೆ?" ಡೆಲ್ಫಿನ್ ಕೇಳಿದಳು.

ಉತ್ತರಕ್ಕೆ ಮೊದಲು ಸೀಟಿ ಊದಿತು.
ಕಾವಲು ಹುಡುಗಿ ಏಣಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು
ತನ್ನದೇ ತಪ್ಪೆಂಬಂತೆ ಹೇಳಿದಳು:
ಮುಂದಿನ ತಿಂಗಳಿಂದ ಈ ಗಂಟೆ ಇಲ್ಲ.
ಗಂಡಸರಿಗೂ ಒಂದು ಯಾಕಿಲ್ಲ ಅಂತ ಯಾರೋ ಕೇಳಿದ್ದಾರೆ.

ಪರದೆ ಬೇಡವೆಂದ ಮೊರೀನಳೇ
ನೀರು ಸುರಿಸುತ್ತ ಮೊದಲು ಮೇಲೆ ಹತ್ತಿದಳು. "ಪೆನ್ನು."
ಬೆಂಚಿನ ಮೇಲೆ ಟವೆಲ್ ಹೊದ್ದು ಕೂತೆವು.
"ನಾವು ಈ ಊರಿನ ಹೆಂಗಸರು" ಎಂದು ಶುರುಮಾಡಿದಳು.
"ಯಾವ ನಾವು?" ಡೆಲ್ಫಿನ್.
"ಈ ಊರಿನ ಅಂತ ಬೇಡ, ಎಲ್ಲಿಯವಳು ಅಂತ ಕೇಳ್ತಾರೆ," ಬಿಲ್ಕೀಸ್.
ಹೆಂಗಸರು ಅನ್ನುವುದಕ್ಕೂ ಮೊಮ್ಮಗಳ ತಕರಾರಿತ್ತು.
ಹೊಡೆದು ಹಾಕಿ, ಮತ್ತೆ ಬರೆದು, ಮತ್ತೆ ಹೊಡೆದು ಹಾಕಿ,
ಮೊರೀನಳ ಮೊಣಕೈಯಿಂದ ತೊಟ್ಟಿಕ್ಕಿ
ಉಳಿದ ಶಾಯಿಯೂ ಹಬ್ಬಿಕೊಂಡಿತು.

ಎಂಟೂ ಹತ್ತು. ಮಾಪು ಹಿಡಿದು ನಿಂತಿದ್ದ ಮಿಹೇಲಾ,
ಇಷ್ಟು ದಿನವೂ ಅಲ್ಲೇ ನಿಂತಿರುತ್ತಿದ್ದವಳು, ಹೇಳಿದಳು:
"ನಿಮ್ಮ ಗಂಟೆ ಮುಗೀತು. ನಂದು ಯಾವಾಗ ಮುಗಿಯೋದು?"
ಕಾಲೆತ್ತಿದೆವು. ಅಡಿಯಲ್ಲಿ ಒರೆಸಿಕೊಂಡು ಹೋದಳು.

ಈಗ ಬಸ್ ಸ್ಟಾಪಿನಲ್ಲಿ ಒದ್ದೆ ಜಡೆ, ಜೇಬಿನಲ್ಲಿ ಒದ್ದೆ ಹಾಳೆ.
ಎಡಗಿವಿಯಲ್ಲಿ ನೀರು ನಿಂತು
ಊರೆಲ್ಲ ನೀರೊಳಗಿಂದ ಮಾತಾಡಿದ ಹಾಗೆ.
ಐವತ್ತೆರಡರ ನಾನು ತಲೆ ವಾಲಿಸಿ
ಒಂಟಿಕಾಲಲ್ಲಿ ಕುಪ್ಪಳಿಸುತ್ತಿದ್ದೇನೆ.
ಬಸ್ಸಿನ ಬಾಗಿಲು ತೆರೆದು ಡ್ರೈವರ್ ಏನೋ ಕೇಳುತ್ತಿದ್ದಾನೆ.
ತಡಿಯಪ್ಪ, ಅಂದೆ ಕನ್ನಡದಲ್ಲೇ.
ಇನ್ನೂ ಇಳಿದಿಲ್ಲ.